ಗರ್ಮಿ, ಸೂಜಾಕು, ಗೊನೋರಿಯಾ: ಸೇಡಂ–ಚಿತ್ತಾಪುರ–ಚಿಂಚೋಳಿ ಸೀಮೆಯ ರೋಗನಾಮಗಳು ಮತ್ತು ಮದ್ದಿಗೆ ಮಣಿಯದ ಸೋಂಕು

೧. ಪೀಠಿಕೆ

ಜಾನಪದ ವೈದ್ಯವನ್ನು ಕುರಿತ ಕನ್ನಡದ ಅಧ್ಯಯನಗಳು ಬಹುಮಟ್ಟಿಗೆ ಗಿಡಮೂಲಿಕೆಗಳ ಪಟ್ಟಿ, ಮಂತ್ರ–ತಾಯಿತಗಳ ವಿವರಣೆ ಹಾಗೂ ನಾಟಿವೈದ್ಯರ ಪರಿಚಯಗಳ ಸುತ್ತ ಬೆಳೆದುಬಂದಿವೆ. ಹಾವು ಕಡಿತ, ಕಾಮಾಲೆ, ಮೂಳೆ ಮುರಿತ, ಸರ್ಪಸುತ್ತು, ಬಾಣಂತಿಯ ಆರೈಕೆ ಮೊದಲಾದವು ಈ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಆದರೆ ಜನರು ಗಟ್ಟಿಯಾಗಿ ಹೆಸರು ಹೇಳಲು ಹಿಂಜರಿಯುವ ರೋಗಗಳು ಸಂಗ್ರಹಕಾರರ ಟಿಪ್ಪಣಿಗಳಲ್ಲಿಯೂ ಬಹುತೇಕ ಮೌನವಾಗಿಯೇ ಉಳಿದಿವೆ. ಅಂತಹ ರೋಗಗಳಲ್ಲಿ ಗೊನೋರಿಯಾ ಒಂದು. ಲೈಂಗಿಕ ಸಂಪರ್ಕದಿಂದ ಹರಡುವ ಈ ಸೋಂಕು ಇಂದು ವೈದ್ಯಲೋಕವನ್ನು ಚಿಂತೆಗೀಡುಮಾಡಿದೆ. ಹಿಂದೆ ಒಂದೇ ಸೂಜಿಮದ್ದಿಗೆ ಶರಣಾಗುತ್ತಿದ್ದ ರೋಗಾಣು ಒಂದಾದ ಮೇಲೊಂದರಂತೆ ಪ್ರತಿಜೀವಕ ಔಷಧಿಗಳನ್ನು ಮೀರುತ್ತ ಬಂದಿರುವುದೇ ಇದಕ್ಕೆ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೦ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ೧೫ರಿಂದ ೪೯ ವರ್ಷ ವಯೋಮಾನದ ೮.೨ ಕೋಟಿ ಜನರಿಗೆ ಈ ಸೋಂಕು ಹೊಸದಾಗಿ ತಗುಲಿತು.

ಇದು ವೈದ್ಯವಿಜ್ಞಾನದ ಸಮಸ್ಯೆ. ಜಾನಪದಕ್ಕೂ ಇದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ರೋಗಿಯು ತನ್ನ ಬಾಧೆಗೆ ಯಾವ ಹೆಸರು ಕೊಡುತ್ತಾನೆ ಎಂಬುದರ ಮೇಲೆ ಅವನು ಯಾರ ಬಳಿಗೆ ಹೋಗುತ್ತಾನೆ, ಯಾವ ಮದ್ದು ತೆಗೆದುಕೊಳ್ಳುತ್ತಾನೆ, ಯಾವಾಗ ನಿಲ್ಲಿಸುತ್ತಾನೆ, ಮನೆಯವಳಿಗೆ ಹೇಳುತ್ತಾನೆಯೇ ಇಲ್ಲವೇ ಎಂಬುದೆಲ್ಲ ನಿಂತಿದೆ. ಮದ್ದಿಗೆ ಮಣಿಯದ ರೋಗಾಣು ಹುಟ್ಟಿ ಬೆಳೆಯುವುದು ಈ ನಿರ್ಧಾರಗಳ ನಡುವೆಯೇ. ಈ ಹಿನ್ನೆಲೆಯಲ್ಲಿ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಸೀಮೆಯ ರೋಗನಾಮಗಳನ್ನು ಮುಂದಿಟ್ಟುಕೊಂಡು, ಪ್ರತಿರೋಧ ಗಳಿಸಿದ ಗೊನೋರಿಯಾದ ಹರಡುವಿಕೆ ಹಾಗೂ ಚಿಕಿತ್ಸೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಸೀಮೆಯ ಸ್ವರೂಪ

ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿದೆ. ಇಲ್ಲಿಯ ನೆಲದಡಿಯ ಸುಣ್ಣದಕಲ್ಲು ಈ ಸೀಮೆಯ ಬದುಕನ್ನು ರೂಪಿಸಿದೆ. ಶಹಾಬಾದಿನ ಹಾಸುಗಲ್ಲು ನಾಡಿನ ಮನೆಮನೆಯ ನೆಲವಾಯಿತು. ಶಹಾಬಾದ್, ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದವು. ಮುಂಬಯಿ–ಮದ್ರಾಸು ರೈಲುಮಾರ್ಗದ ಮೇಲಿರುವ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ ಸಂಸ್ಥಾನದ ರೈಲು ೧೮೭೪ರಲ್ಲಿ ಆರಂಭವಾಯಿತು. ಚಿತ್ತಾಪುರ, ಸೇಡಂಗಳು ಈ ದಾರಿಯ ಮೇಲಿವೆ. ಹಿಂದೆ ಚಿತ್ತಾಪುರ ತಾಲೂಕಿಗೆ ಸೇರಿದ್ದ ಶಹಾಬಾದ್ ಈಗ ಪ್ರತ್ಯೇಕ ತಾಲೂಕು. ತೆಲಂಗಾಣದ ಗಡಿಗೆ ಹೊಂದಿಕೊಂಡ ಚಿಂಚೋಳಿಯಲ್ಲಿ ರೈಲಿಲ್ಲ. ಅಲ್ಲಿಯ ಹಳ್ಳಿಗಳಿಂದ ಮತ್ತು ಲಂಬಾಣಿ ತಾಂಡಾಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವುದು ವಾಡಿಕೆಯಾಗಿದೆ.

ಕಲ್ಲುಗಣಿ, ಕಾರ್ಖಾನೆ, ಲಾರಿ, ರೈಲು ಮತ್ತು ಗುಳೆ ಇವು ಜನರನ್ನು ತಿಂಗಳುಗಟ್ಟಲೆ ಮನೆಯಿಂದ ದೂರವಿರಿಸುತ್ತವೆ. ಇದರಿಂದ ಗುಳೆ ಹೋಗುವವರೇ ರೋಗ ತರುವವರೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಗುಳೆಯ ಮುಖ್ಯ ತೊಂದರೆಯೆಂದರೆ ಚಿಕಿತ್ಸೆಯ ಕೊಂಡಿ ಕಳಚುವುದು. ಒಂದೂರಿನಲ್ಲಿ ಮದ್ದು ತೆಗೆದುಕೊಂಡವನು ಮರುಪರೀಕ್ಷೆಗೆ ಬರುವ ಹೊತ್ತಿಗೆ ಬೇರೊಂದೂರಿನಲ್ಲಿರುತ್ತಾನೆ. ಗಂಡ ಪುಣೆಯಲ್ಲಿ, ಹೆಂಡತಿ ತಾಂಡಾದಲ್ಲಿ ಇರುವಾಗ ಇಬ್ಬರಿಗೂ ಏಕಕಾಲಕ್ಕೆ ಚಿಕಿತ್ಸೆಯಾಗುವುದು ಕಷ್ಟ.

೩. ರೋಗನಾಮಗಳು: ಉರಿಯ ಪರಿಭಾಷೆ

ಕನ್ನಡ, ದಖನಿ ಉರ್ದು, ತೆಲುಗು, ಲಂಬಾಣಿ ಭಾಷೆಗಳು ಕೂಡಿ ಬಾಳುವ ಈ ಸೀಮೆಯಲ್ಲಿ ಗುಪ್ತಾಂಗದ ಬಾಧೆಗಳಿಗೆ ಹಲವು ಹೆಸರುಗಳಿವೆ. ಉರಿಮೂತ್ರ, ಗರ್ಮಿ, ಸೂಜಾಕು, ಮೇಹ, ಧಾತು ಹೋಗುವುದು, ಬಿಳಿ ಹೋಗುವುದು ಎಂಬವು ಮುಖ್ಯವಾದವು. ಇವೆಲ್ಲಕ್ಕೂ ಮುಸುಕು ಹೊದಿಸುವ ಪದ ‘ಗುಪ್ತರೋಗ’. ಬಸ್ ನಿಲ್ದಾಣ, ರೈಲ್ವೆ ಗೋಡೆಗಳ ಮೇಲಿನ ಜಾಹೀರಾತುಗಳು ಬಳಕೆಗೆ ತಂದ ಪದವಿದು.

ಈ ಹೆಸರುಗಳಲ್ಲಿ ಒಂದು ಸಾಮ್ಯ ಎದ್ದು ಕಾಣುತ್ತದೆ. ‘ಉರಿ’ ಎಂಬುದು ಅಚ್ಚಗನ್ನಡ. ‘ಗರ್ಮಿ’ ಉರ್ದುವಿನಿಂದ ಬಂದದ್ದು. ಅದರ ಅರ್ಥ ಕಾವು. ಯುನಾನಿ ವೈದ್ಯದ ‘ಸೂಜಾಕ್’ ಪದದ ಮೂಲ ಪಾರಸಿಯಲ್ಲಿದೆ. ಅದರ ಅರ್ಥವೂ ಉರಿಯೇ. ಮೂರು ಭಾಷೆಗಳು ಮೂರು ದಾರಿಯಿಂದ ಬಂದು ಒಂದೇ ಅನುಭವಕ್ಕೆ ಒಂದೇ ಬಗೆಯ ಹೆಸರಿಟ್ಟಿವೆ. ರೋಗವೆಂದರೆ ಮೈಯಲ್ಲಿ ಏರಿದ ಕಾವು, ಗುಣವೆಂದರೆ ಅದರ ಇಳಿತ ಎಂಬ ತಿಳಿವಳಿಕೆ ಈ ಹೆಸರುಗಳೊಳಗೇ ಅಡಗಿದೆ.

ಈ ತಿಳಿವಳಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಬೇಸಿಗೆಯಲ್ಲಿ ೪೦ ಡಿಗ್ರಿ ದಾಟುವ ಬಿಸಿಲಲ್ಲಿ, ಕಲ್ಲುಗಣಿಯಲ್ಲಿ, ಗುಕ್ಕು ನೀರಿಗೂ ಬಿಡುವಿಲ್ಲದೆ ದುಡಿಯುವವರಿಗೆ ಮೂತ್ರ ಉರಿಯುವುದು ಬಹುಪಾಲು ನೀರಿನ ಕೊರತೆಯಿಂದಲೇ. ಮಜ್ಜಿಗೆ, ಎಳನೀರು, ನೆನೆಸಿದ ಕಾಮಕಸ್ತೂರಿ ಬೀಜ, ಕೊತ್ತಂಬರಿ ಬೀಜದ ನೀರು, ನೆಗ್ಗಿಲು ಮುಳ್ಳಿನ ಕಷಾಯ ಅಂತಹ ಉರಿಗೆ ಹಿತವೆನಿಸುತ್ತವೆ. ತೊಡಕು ಹುಟ್ಟುವುದು ಇದೇ ಹೆಸರನ್ನು ಕೀವು ಸುರಿಯುವ ಸೋಂಕಿಗೂ ಅನ್ವಯಿಸಿದಾಗ.

ಇಂತಹ ಬೆರಕೆ ಜನಪದರಲ್ಲಿ ಮಾತ್ರ ಆದದ್ದಲ್ಲ. ಆಯುರ್ವೇದದ ‘ಪ್ರಮೇಹ’ ಎಂಬ ಹೆಸರಿನಡಿ ಮಧುಮೇಹವೂ ಸೇರಿದಂತೆ ಇಪ್ಪತ್ತು ಬಗೆಯ ಮೂತ್ರದೋಷಗಳು ಬರುತ್ತವೆ. ಗ್ರೀಕ್ ವೈದ್ಯ ಗ್ಯಾಲೆನ್ ಕ್ರಿ.ಶ. ಎರಡನೆಯ ಶತಮಾನದಲ್ಲಿ ಬಳಸಿದ ‘ಗೊನೋರಿಯಾ’ ಎಂಬ ಪದದ ಅರ್ಥ ‘ಬೀಜದ ಹರಿವು’. ಅಂದರೆ ಕೀವನ್ನು ಅವನೂ ಧಾತುವೆಂದೇ ತಿಳಿದಿದ್ದ. ನಮ್ಮ ‘ಧಾತು ಹೋಗುವುದು’ ಎಂಬ ನುಡಿಗೂ ಇಂದಿನ ವೈದ್ಯಕೀಯ ಹೆಸರಿಗೂ ಇರುವ ಈ ನಂಟು ಗಮನಾರ್ಹ. ಗೊನೋರಿಯಾ ಮತ್ತು ಸಿಫಿಲಿಸ್ ಬೇರೆಬೇರೆ ರೋಗಗಳೆಂದು ಫ್ರಾನ್ಸಿನ ರಿಕೋರ್ ೧೮೩೮ರಲ್ಲಿ ತೋರಿಸಿಕೊಡುವವರೆಗೆ ಯುರೋಪಿನ ವೈದ್ಯರಲ್ಲಿಯೂ ಗೊಂದಲವಿತ್ತು. ‘ಗರ್ಮಿ’ ಎಂಬ ಒಂದೇ ಪದದಲ್ಲಿ ಹುಣ್ಣೂ ಕೀವೂ ಕೂಡಿಕೊಂಡಿರುವುದು ಈ ಹಳೆಯ ಗೊಂದಲದ ನಮ್ಮ ರೂಪ. ರೋಗಾಣುವನ್ನು ಜರ್ಮನಿಯ ಆಲ್ಬರ್ಟ್ ನೈಸರ್ ೧೮೭೯ರಲ್ಲಿ ಗುರುತಿಸಿದ. ಅದಕ್ಕೆ ‘ನೈಸೀರಿಯಾ ಗೊನೋರಿಯೆ’ ಎಂಬ ಹೆಸರು ಬಂದದ್ದು ಅವನಿಂದಲೇ.

೪. ಮದ್ದುಗಳ ಇತಿಹಾಸ: ಗಂಧದೆಣ್ಣೆಯಿಂದ ಸೂಜಿಮದ್ದಿನವರೆಗೆ

ಪ್ರತಿಜೀವಕಗಳು ಬರುವ ಮುನ್ನ ಬಾಲಮೆಣಸು ಹಾಗೂ ಗಂಧದೆಣ್ಣೆ ಈ ರೋಗಕ್ಕೆ ಪೂರ್ವ–ಪಶ್ಚಿಮಗಳೆರಡರಲ್ಲಿಯೂ ಬಳಕೆಯಲ್ಲಿದ್ದವು. ಮೈಸೂರಿನ ಶ್ರೀಗಂಧ ಮೊದಲ ಮಹಾಯುದ್ಧದವರೆಗೆ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಆ ದಾರಿ ಮುಚ್ಚಿದಾಗ ಮೈಸೂರು ಸಂಸ್ಥಾನ ೧೯೧೬ರಲ್ಲಿ ತನ್ನದೇ ಗಂಧದೆಣ್ಣೆ ತಯಾರಿಕೆಯನ್ನು ಆರಂಭಿಸಿತು. ಆ ಎಣ್ಣೆಗೆ ಸುಗಂಧದ ಮಾರುಕಟ್ಟೆಯಂತೆ ಔಷಧದ ಮಾರುಕಟ್ಟೆಯೂ ಇತ್ತೆಂಬುದು ಇಂದು ಮರೆತುಹೋದ ಸಂಗತಿ.

ಈ ಮದ್ದುಗಳಿಂದ ಗುಣವಾಯಿತೆಂಬ ನಂಬಿಕೆ ಬೆಳೆಯಲು ಬಲವಾದ ಕಾರಣವಿದೆ. ಸೋಂಕು ತಗುಲಿದ ಎರಡರಿಂದ ಏಳು ದಿನಗಳಲ್ಲಿ ಗಂಡಸರಲ್ಲಿ ಸಾಮಾನ್ಯವಾಗಿ ಉರಿ ಮತ್ತು ಕೀವು ಕಾಣಿಸಿಕೊಳ್ಳುತ್ತವೆ. ಏನೂ ಮಾಡದಿದ್ದರೂ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ಅವು ತಾವಾಗಿಯೇ ತಗ್ಗುತ್ತವೆ. ಆದರೆ ಬಾಧೆ ತಗ್ಗಿದ ಮೇಲೂ ರೋಗಾಣು ಉಳಿದಿರಬಹುದು. ಆ ಅವಧಿಯಲ್ಲಿ ಯಾವ ಮದ್ದು ಕುಡಿದಿದ್ದರೂ ಕೀರ್ತಿ ಆ ಮದ್ದಿಗೇ ಸಲ್ಲುತ್ತದೆ. ಗೋಡೆಯ ಮೇಲಿನ ಜಾಹೀರಾತಿನ ‘ವೈದ್ಯ’ನ ಗ್ಯಾರಂಟಿಯ ಗುಟ್ಟೂ ಇದೇ.

ಸಲ್ಫಾ ಔಷಧಿಗಳು ೧೯೩೦ರ ದಶಕದಲ್ಲಿ ಬಂದವು. ಮುಂದಿನ ದಶಕದಲ್ಲಿಯೇ ಅವುಗಳ ಬಲ ಕುಗ್ಗಿತು. ಅನಂತರ ಬಂದ ಪೆನಿಸಿಲಿನ್ ಪವಾಡವೆನಿಸಿತು. ಆದರೆ ವರ್ಷದಿಂದ ವರ್ಷಕ್ಕೆ ಅದರ ಪ್ರಮಾಣವನ್ನು ಏರಿಸಬೇಕಾಯಿತು. ಪೆನಿಸಿಲಿನ್ನನ್ನೇ ಒಡೆದುಹಾಕುವ ರೋಗಾಣುಗಳು ೧೯೭೬ರಲ್ಲಿ ಪತ್ತೆಯಾದವು. ಟೆಟ್ರಾಸೈಕ್ಲಿನ್ ಕೂಡ ೧೯೮೦ರ ದಶಕದಲ್ಲಿ ಕೈಬಿಟ್ಟುಹೋಯಿತು. ಸಿಪ್ರೊಫ್ಲಾಕ್ಸಸಿನ್ ಗುಳಿಗೆಯ ಕಾಲವೂ ದೀರ್ಘವಾಗಲಿಲ್ಲ. ಭಾರತದಲ್ಲಿ ಪರೀಕ್ಷಿಸಿದ ರೋಗಾಣುಗಳಲ್ಲಿ ಬಹುಪಾಲು ಅದಕ್ಕೆ ಮಣಿಯುತ್ತಿಲ್ಲ. ಉಳಿದದ್ದು ಸೆಫಲೋಸ್ಪೋರಿನ್ ವರ್ಗದ ಸೆಫಿಕ್ಸಿಮ್ ಗುಳಿಗೆ ಮತ್ತು ಸೆಫ್ಟ್ರಿಯಾಕ್ಸೋನ್ ಸೂಜಿಮದ್ದು. ಸೆಫ್ಟ್ರಿಯಾಕ್ಸೋನಿಗೂ ಬಲವಾಗಿ ಎದುರುನಿಂತ ರೋಗಾಣು ೨೦೦೯ರಲ್ಲಿ ಜಪಾನಿನ ಕ್ಯೋಟೋದಲ್ಲಿ ದೊರೆತಿತು. ಬ್ರಿಟನ್ನಿನಲ್ಲಿ ೨೦೧೮ರಲ್ಲಿ ಸೆಫ್ಟ್ರಿಯಾಕ್ಸೋನ್, ಅಜಿತ್ರೋಮೈಸಿನ್ ಎರಡನ್ನೂ ಮೀರಿದ ಸೋಂಕು ಒಬ್ಬ ರೋಗಿಯಲ್ಲಿ ವರದಿಯಾಯಿತು.

೫. ಪ್ರತಿರೋಧ ಹುಟ್ಟುವ ಬಗೆ

ಈ ಸೀಮೆಯ ರೈತರಿಗೆ ಪ್ರತಿರೋಧವೆಂಬುದು ಹೊಸ ವಿಚಾರವಲ್ಲ. ತೊಗರಿಯ ಕಾಯಿಕೊರಕ ಹುಳುವಿಗೆ ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಹೊಡೆದರೆ, ಒಂದೆರಡು ಹಂಗಾಮಿನ ಮೇಲೆ ಹುಳು ಸಾಯುವುದಿಲ್ಲವೆಂಬುದು ಅವರ ಅನುಭವ. ಸಾಯದೆ ಉಳಿದ ಹುಳುವಿನ ಸಂತತಿಯೇ ಮುಂದೆ ಹೊಲವನ್ನು ತುಂಬುತ್ತದೆ. ಅದರಂತೆ ಅರೆ ಪ್ರಮಾಣದ ಮದ್ದಿಗೆ ದುರ್ಬಲ ರೋಗಾಣುಗಳು ಸಾಯುತ್ತವೆ, ತಾಳಿಕೊಂಡವು ಉಳಿಯುತ್ತವೆ. ಉಳಿದವುಗಳೇ ಮುಂದಿನವರಿಗೆ ದಾಟುತ್ತವೆ.

ಗೊನೋರಿಯಾ ರೋಗಾಣುವಿಗೆ ಇನ್ನೊಂದು ಶಕ್ತಿಯಿದೆ. ಅದು ತನ್ನ ಸುತ್ತಲಿನ ಸಂಬಂಧಿ ಜೀವಾಣುಗಳ ವಂಶವಾಹಿ ತುಣುಕುಗಳನ್ನು ಎತ್ತಿಕೊಂಡು ತನ್ನದಾಗಿಸಿಕೊಳ್ಳಬಲ್ಲದು. ಮನುಷ್ಯನ ಗಂಟಲಿನಲ್ಲಿ ಇದೇ ಕುಲದ ನಿರುಪದ್ರವಿ ಜೀವಾಣುಗಳು ಸದಾ ಇರುತ್ತವೆ. ಕೆಮ್ಮು, ನೆಗಡಿ, ಜ್ವರಕ್ಕೆಂದು ಅಂಗಡಿಯಿಂದ ತಂದ ಅಜಿತ್ರೋಮೈಸಿನ್ ಅಥವಾ ಸೆಫಿಕ್ಸಿಮ್ ಗುಳಿಗೆಗಳಿಂದ ಆ ಜೀವಾಣುಗಳು ಪ್ರತಿರೋಧ ಗಳಿಸುತ್ತವೆ. ಗಂಟಲಿನಲ್ಲಿ ಯಾವ ಲಕ್ಷಣವೂ ಇಲ್ಲದೆ ಗೊನೋರಿಯಾ ಸೇರಿದಾಗ ಆ ಪ್ರತಿರೋಧ ಇದಕ್ಕೂ ದಾಟುತ್ತದೆ. ಹೀಗೆ ನೆಗಡಿಗೆ ನುಂಗಿದ ಗುಳಿಗೆ, ಅದಕ್ಕೆ ಸಂಬಂಧವೇ ಇಲ್ಲದ ರೋಗವನ್ನು ಬಲಪಡಿಸುತ್ತದೆ. ಈ ಕಾರಣದಿಂದಲೇ ೨೦೧೪ರ ಮಾರ್ಚ್‌ನಿಂದ ಜಾರಿಗೆ ಬಂದ ‘ಎಚ್೧’ ಅನುಸೂಚಿಯ ನಿಯಮ ಮಹತ್ವದ್ದು. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಸೇರಿದಂತೆ ಹಲವು ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು ಎಂದು ಅದು ವಿಧಿಸುತ್ತದೆ.

ಕಾವಿನ ಪರಿಭಾಷೆ ಇಲ್ಲಿ ಮತ್ತೆ ಮುಖ್ಯವಾಗುತ್ತದೆ. ಉರಿಯೇ ರೋಗವೆಂದು ತಿಳಿದವನು ಉರಿ ನಿಂತೊಡನೆ ಗುಳಿಗೆ ನಿಲ್ಲಿಸುತ್ತಾನೆ. ಉಳಿದ ಗುಳಿಗೆಗಳನ್ನು ಮುಂದಿನ ಬಾರಿಗೆಂದೋ ಗೆಳೆಯನಿಗೆಂದೋ ತೆಗೆದಿಡುತ್ತಾನೆ. ‘ಗುಳಿಗೆ ಕಾವು ಮಾಡುತ್ತದೆ’ ಎಂಬ ನಂಬಿಕೆಯಿಂದ ಅರ್ಧಕ್ಕೇ ಬಿಡುವುದೂ ಉಂಟು. ವೈದ್ಯರು ಗೊನೋರಿಯಾಕ್ಕೆ ಒಂದೇ ಪ್ರಮಾಣದ, ಕಣ್ಣೆದುರೇ ನುಂಗಿಸುವ ಅಥವಾ ಸೂಜಿಯಿಂದ ಕೊಡುವ ಚಿಕಿತ್ಸೆಯನ್ನು ಆರಿಸಿಕೊಂಡದ್ದು ಈ ಮಾನವ ಸ್ವಭಾವವನ್ನು ಅರಿತೇ.

೬. ಚಿಕಿತ್ಸಾಕ್ರಮ ಮತ್ತು ಅದರ ಮಿತಿ

ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಯಾವ ಮದ್ದಿಗೆ ಅದು ಸಾಯುತ್ತದೆಂದು ನೋಡಿ ಚಿಕಿತ್ಸೆ ಕೊಡುವುದು ಉತ್ತಮ ಕ್ರಮ. ಆದರೆ ಈ ರೋಗಾಣು ಬಹಳ ಸೂಕ್ಷ್ಮ. ದೇಹದ ಹೊರಗೆ ಬೇಗ ಸಾಯುತ್ತದೆ. ಅದನ್ನು ಬೆಳೆಸಲು ವಿಶೇಷ ಮಾಧ್ಯಮ ಮತ್ತು ನುರಿತ ಕೈ ಬೇಕು. ಆದುದರಿಂದ ಭಾರತದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮವು ಲಕ್ಷಣ ನೋಡಿ ಚಿಕಿತ್ಸೆ ನೀಡುವ ವಿಧಾನವನ್ನು ಅನುಸರಿಸಿತು. ಅದರ ಮೂರನೆಯ ಹಂತದಲ್ಲಿ, ಅಂದರೆ ೨೦೦೭–೧೨ರ ಅವಧಿಯಲ್ಲಿ, ಬಣ್ಣದ ಪೊಟ್ಟಣಗಳು ಮತ್ತು ‘ಸುರಕ್ಷಾ ಕ್ಲಿನಿಕ್’ ಎಂಬ ಹೆಸರು ರೂಢಿಗೆ ಬಂದವು. ಬೂದುಬಣ್ಣದ ಒಂದನೆಯ ಪೊಟ್ಟಣದಲ್ಲಿ ೪೦೦ ಮಿಲಿಗ್ರಾಂ ಸೆಫಿಕ್ಸಿಮ್ ಮತ್ತು ೧ ಗ್ರಾಂ ಅಜಿತ್ರೋಮೈಸಿನ್ ಇರುತ್ತಿದ್ದವು. ಕೀವು ಅಥವಾ ಗರ್ಭಕೊರಳಿನ ಸ್ರಾವ ಇರುವವರಿಗೆ, ಗೊನೋರಿಯಾ ಮತ್ತು ಕ್ಲಮಿಡಿಯಾ ಎರಡಕ್ಕೂ ಇದು ಒಂದೇ ಹೊತ್ತಿನ ಮದ್ದು.

ಇದೇ ಕಾಲದಲ್ಲಿ, ೨೦೦೩ರಲ್ಲಿ ಆರಂಭವಾದ ‘ಅವಾಹನ್’ ಯೋಜನೆ ಹಾಗೂ ಅದೇ ವರ್ಷ ಹುಟ್ಟಿದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ರಾಜ್ಯದಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿಕೊಂಡು ಕೆಲಸ ನಡೆಸಿದವು. ಸ್ವತಃ ಆ ಮಹಿಳೆಯರು ತಮ್ಮ ಭಾಷೆಯಲ್ಲಿ ಮಾತನಾಡಿದಾಗ ಕ್ಲಿನಿಕ್ಕಿಗೆ ಬರುವವರು ಹೆಚ್ಚಿದರು. ಅಧ್ಯಯನ ನಡೆದ ಜಿಲ್ಲೆಗಳಲ್ಲಿ ಸೋಂಕಿನ ಪ್ರಮಾಣ ಇಳಿದುದು ದಾಖಲಾಗಿದೆ.

ಆದರೆ ಲಕ್ಷಣ ನೋಡಿ ಕೊಡುವ ಚಿಕಿತ್ಸೆಗೆ ಎರಡು ಮಿತಿಗಳಿವೆ. ಲಕ್ಷಣವಿಲ್ಲದವರು ಅದರ ಕಣ್ಣಿಗೆ ಬೀಳುವುದಿಲ್ಲ. ಹಾಗೆಯೇ ಮದ್ದು ಸೋತದ್ದು ರೋಗಿ ಮರಳಿ ಬಂದು ಹೇಳಿದರೆ ಮಾತ್ರ ತಿಳಿಯುತ್ತದೆ. ಅವನು ಮರಳಿ ಬಾರದೆ ಬೇರೊಬ್ಬ ಆರ್‌ಎಂಪಿ ವೈದ್ಯನ ಬಳಿಗೆ ಹೋದರೆ ಆ ಸೋಲು ಎಲ್ಲಿಯೂ ದಾಖಲಾಗುವುದಿಲ್ಲ. ಚಿಕಿತ್ಸೆಯಾದ ಮೂರರಿಂದ ಐದು ದಿನಗಳಲ್ಲಿ ಬಾಧೆ ನಿಲ್ಲದಿದ್ದರೆ ಮತ್ತೊಂದು ಗುಳಿಗೆಯನ್ನು ಕೇಳುವ ಬದಲು ಅದೇ ದವಾಖಾನೆಗೆ ಮರಳುವುದು, ಕೀವಿನ ಮಾದರಿಯನ್ನು ಬೆಳೆಸಿ ನೋಡುವ ಸೌಲಭ್ಯವಿರುವ ಆಸ್ಪತ್ರೆಗೆ ಹೋಗುವುದು ಆದ್ದರಿಂದ ಅತ್ಯಗತ್ಯ. ಏಳು ದಿನ ದೈಹಿಕ ಸಂಪರ್ಕದಿಂದ ದೂರವಿರುವುದು ಹಾಗೂ ಜೊತೆಗಾರರಿಗೂ ಚಿಕಿತ್ಸೆ ಕೊಡಿಸುವುದು ಈ ಕ್ರಮದ ಭಾಗಗಳೇ. ಜೊತೆಗಾರರಿಗೆ ಚಿಕಿತ್ಸೆಯಾಗದಿದ್ದರೆ ಗುಣವಾದವನಿಗೆ ಮತ್ತೆ ತಗುಲುತ್ತದೆ. ಒಮ್ಮೆ ಬಂದುಹೋದ ಮಾತ್ರಕ್ಕೆ ಈ ರೋಗದಿಂದ ರಕ್ಷಣೆ ದೊರೆಯುವುದಿಲ್ಲ. ಮರುಸೋಂಕನ್ನು ಮದ್ದಿನ ಸೋಲೆಂದೂ, ಮದ್ದಿನ ಸೋಲನ್ನು ಮರುಸೋಂಕೆಂದೂ ತಪ್ಪಾಗಿ ತಿಳಿಯುವ ಅಪಾಯವೂ ಇಲ್ಲಿದೆ.

ಹೊಸ ಔಷಧಿಗಳ ಶೋಧ ನಿಂತಿಲ್ಲ. ಜೋಲಿಫ್ಲೊಡಾಸಿನ್, ಜೆಪೊಟಿಡಾಸಿನ್ ಎಂಬ ಎರಡು ಬಾಯಿಮದ್ದುಗಳು ಈಚಿನ ದೊಡ್ಡ ಪ್ರಯೋಗಗಳಲ್ಲಿ ಫಲ ನೀಡಿವೆ. ಹಳೆಯ ಮದ್ದುಗಳನ್ನು ಬಳಸಿದ ರೀತಿಯಲ್ಲೇ ಇವನ್ನೂ ಬಳಸಿದರೆ ಇವುಗಳ ಆಯುಷ್ಯವೂ ಅಷ್ಟೇ.

೭. ಮೌನದ ಬೆಲೆ

ಈ ರೋಗದ ಭಾರವನ್ನು ಹೆಚ್ಚಾಗಿ ಹೊರುವವಳು ಹೆಣ್ಣು. ಸೋಂಕು ತಗುಲಿದ ಹೆಂಗಸರಲ್ಲಿ ಅನೇಕರಿಗೆ ಯಾವ ಬಾಧೆಯೂ ತೋರುವುದಿಲ್ಲ. ತೋರಿದರೂ ‘ಬಿಳಿ ಹೋಗುವುದು’ ಹೆಂಗಸರ ಪಾಡು ಎಂಬ ತಿಳಿವಳಿಕೆಯಲ್ಲಿ ಅದು ಮುಳುಗಿಹೋಗುತ್ತದೆ. ಬಿಳಿ ಹೋಗುವುದಕ್ಕೆ ಸೋಂಕಲ್ಲದ ಕಾರಣಗಳೂ ಇರುವುದರಿಂದ ಗುರುತಿಸುವುದು ಇನ್ನೂ ಕಠಿಣ. ಈ ನಡುವೆ ಸೋಂಕು ಮೇಲೇರಿ ಗರ್ಭನಾಳಗಳನ್ನು ಮುಚ್ಚಬಹುದು. ಬಂಜೆತನಕ್ಕೆ, ಗರ್ಭಕೋಶದ ಹೊರಗೆ ಗರ್ಭ ನಿಲ್ಲುವ ಪ್ರಾಣಾಪಾಯಕ್ಕೆ ದಾರಿಯಾಗಬಹುದು. ಹೆರಿಗೆಯಲ್ಲಿ ತಾಯಿಯಿಂದ ಮಗುವಿನ ಕಣ್ಣಿಗೆ ತಗುಲಿದರೆ ದೃಷ್ಟಿಯೇ ಹೋಗಬಹುದು. ಎಚ್‌ಐವಿ ತಗುಲುವ ಸಾಧ್ಯತೆಯನ್ನೂ ಈ ಸೋಂಕು ಹೆಚ್ಚಿಸುತ್ತದೆ.

ಬಂಜೆಯ ದುಃಖ ನಮ್ಮ ಜನಪದ ಸಾಹಿತ್ಯದ ಬಹುದೊಡ್ಡ ವಸ್ತು. ತೊಟ್ಟಿಲು ಕಟ್ಟುವ ಹರಕೆ, ಉಡಿ ತುಂಬಿಸಿಕೊಳ್ಳುವ ಆಸೆ, ದರ್ಗಾ–ದೇಗುಲಗಳ ಸುತ್ತಾಟ, ಸವತಿಯ ಭಯ ಇವುಗಳನ್ನು ಸಂಗ್ರಹಕಾರರು ಹೇರಳವಾಗಿ ದಾಖಲಿಸಿದ್ದಾರೆ. ಆ ಬಂಜೆತನಗಳಲ್ಲಿ ಒಂದು ಪಾಲಿನ ಹಿಂದೆ, ಗಂಡ ‘ಗರ್ಮಿ’ ಎಂದು ಕರೆದು, ಮಜ್ಜಿಗೆ ಕುಡಿದು, ಮರೆತ ಸೋಂಕು ಇದ್ದಿರಬಹುದೆಂಬ ಪ್ರಶ್ನೆಯನ್ನು ಜಾನಪದ ಅಧ್ಯಯನ ಇನ್ನಾದರೂ ಕೇಳಬೇಕಾಗಿದೆ. ಗಂಡಿನ ರೋಗಕ್ಕೆ ಹಗುರವಾದ ಹೆಸರು, ಹೆಣ್ಣಿನ ಮೇಲಾದ ಅದರ ಪರಿಣಾಮಕ್ಕೆ ಕಠೋರವಾದ ಹೆಸರು ದೊರೆತಿರುವುದು ಆಕಸ್ಮಿಕವಲ್ಲ.

ಅಧಿಕಾರವೂ ಇದೇ ದಾರಿ ಹಿಡಿದಿತ್ತು. ಬ್ರಿಟಿಷರು ೧೯ನೆಯ ಶತಮಾನದಲ್ಲಿ ಬೆಂಗಳೂರು, ಸಿಕಂದರಾಬಾದ್, ಬಳ್ಳಾರಿ ದಂಡುಪ್ರದೇಶಗಳಲ್ಲಿ ನಡೆಸಿದ ‘ಲಾಕ್ ಆಸ್ಪತ್ರೆ’ಗಳು ಸೈನಿಕರನ್ನು ಕಾಪಾಡಲು ಹೆಂಗಸರನ್ನು ಕೂಡಿಹಾಕಿದವು. ಭಾರತದಲ್ಲಿ ೧೮೬೮ರಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆ ೧೮೮೮ರಲ್ಲಿ ರದ್ದಾಯಿತು. ಹೆಣ್ಣೇ ರೋಗದ ಮೂಲವೆಂಬ ಭಾವನೆ ಅದರೊಂದಿಗೆ ಅಳಿಯಲಿಲ್ಲ. ಕರ್ನಾಟಕದಲ್ಲಿ ೧೯೮೨ರ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆಯ ತರುವಾಯವೂ ಆ ಪದ್ಧತಿಗೆ ಸಿಲುಕಿದ್ದ ಮಹಿಳೆಯರು ಈ ಕಳಂಕವನ್ನು ಹೊರಬೇಕಾಯಿತು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಜನಪದ ರೋಗನಾಮಗಳು ಅನುಭವದಿಂದ ಹುಟ್ಟಿದವು. ಅವುಗಳನ್ನು ಅಳಿಸುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಅವುಗಳೊಳಗೆ ಒಂದು ಗೆರೆ ಎಳೆಯುವುದು ಮಾತ್ರ ಬೇಕಾಗಿದೆ. ‘ಬಿಸಿಲ ಉರಿ ನೀರಿಗೆ ಇಳಿಯುತ್ತದೆ, ಕೀವಿನ ಉರಿ ಇಳಿದರೂ ಒಳಗೆ ಉಳಿಯುತ್ತದೆ’ ಎಂಬಷ್ಟು ಸರಳವಾದ ಮಾತು ಆಶಾ ಕಾರ್ಯಕರ್ತೆಯ ಬಾಯಲ್ಲಿ ಬಂದರೆ, ಅದು ಇಂಗ್ಲಿಷ್ ಹೆಸರಿನ ಭಿತ್ತಿಪತ್ರಕ್ಕಿಂತ ಹೆಚ್ಚು ದೂರ ಹೋಗಬಲ್ಲದು. ತಾಲೂಕುವಾರು ರೋಗನಾಮಗಳ ಕೋಶವೊಂದನ್ನು ಕನ್ನಡ, ದಖನಿ, ತೆಲುಗು, ಲಂಬಾಣಿ ಪದಗಳೊಂದಿಗೆ ಸಿದ್ಧಪಡಿಸುವುದು ಜಾನಪದ ವಿದ್ವಾಂಸರು ಮಾಡಬಹುದಾದ ಉಪಯುಕ್ತ ಕೆಲಸ. ದವಾಖಾನೆಯ ವೈದ್ಯನಿಗೆ ‘ಧಾತು’ ಎಂದರೆ ಯಾವಾಗ ಆತಂಕ, ಯಾವಾಗ ಸೋಂಕು ಎಂದು ಬಿಡಿಸಿ ಕೇಳಲು ಅದು ನೆರವಾದೀತು.

ಹೆಂಡತಿಗೂ ಚಿಕಿತ್ಸೆ ಕೊಡಿಸು ಎಂಬ ಮಾತನ್ನು ಗಂಡನಿಗೆ ಹೇಳುವುದು ಮದ್ದು ಬರೆಯುವುದಕ್ಕಿಂತ ಕಷ್ಟದ ಕೆಲಸ. ಅದಕ್ಕೆ ಮನೆತನದ ಮಾನ, ಅತ್ತೆಮನೆಯ ಮಾತು, ತಾಂಡಾದ ನ್ಯಾಯ ಎಲ್ಲವನ್ನೂ ಬಲ್ಲ ನುಡಿ ಬೇಕು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ೧೦೯೭ ಎಂಬ ಉಚಿತ ದೂರವಾಣಿಯಲ್ಲಿ ಹೆಸರು ಹೇಳದೆಯೂ ವಿಚಾರಿಸಬಹುದು ಎಂಬುದು ಸಂಕೋಚ ಪಡುವವರಿಗೆ ಒಂದು ದಾರಿ. ಮದ್ದಿಗೆ ಮಣಿಯದ ರೋಗಾಣು ಕ್ಯೋಟೋದಲ್ಲಿ ಕಂಡಿತೇ ವಾಡಿಯಲ್ಲಿ ಕಂಡಿತೇ ಎಂಬುದು ಪ್ರಯೋಗಾಲಯದ ದಾಖಲೆಯ ಮಾತು. ಅದು ಹರಡುವ ದಾರಿ ಮಾತ್ರ ಎಲ್ಲೆಡೆಯೂ ಒಂದೇ: ಅರೆ ಮದ್ದು, ಹೇಳದ ಮಾತು, ಚಿಕಿತ್ಸೆ ಕಾಣದ ಜೊತೆಗಾತಿ. ಈ ಮೂರರಲ್ಲಿ ಎರಡು ಭಾಷೆಗೆ ಮತ್ತು ಸಂಸ್ಕೃತಿಗೆ ಸಂಬಂಧಿಸಿದವು. ಆದುದರಿಂದ ಈ ರೋಗದ ಅಧ್ಯಯನದಲ್ಲಿ ಜಾನಪದಕ್ಕೂ ಒಂದು ಪಾಲಿದೆ.